ಹಿಂದಿನ ನೆರಿಗೆ, ಮುಂದಿನ ನೆರಿಗೆ

ಮಡಿಕೇರಿ
18 ನವೆಂಬರ್ 2024

ಅಪ್ಪಾಜಿ,

ತೀರ್ಥರೂಪ, ಸಾಷ್ಟಾಂಗ ಎಂದೆಲ್ಲ ಬರೆದು ಆಮೇಲೆ ಬೈಸಿಕೊಳ್ಳುವುದಕ್ಕಿಂತ ನೇರವಾಗಿ ವಿಷಯಕ್ಕೆ ಬರುತ್ತೇನೆ. ಫೋನ್ ಮಾಡಿದರೆ ನೀವು ‘ಹಲೋ’ ಕೂಡ ಅನ್ನದೆ ಕಟ್ ಮಾಡುತ್ತೀರಿ. ಕಾಗದವನ್ನು ತುಂಡು ಮಾಡಬೇಕಾದರೆ ಕತ್ತರಿ ಎತ್ತಬೇಕು. ಟೈಲರ್ ಕೈಗೆ ಕತ್ತರಿ ದೂರವೇನಲ್ಲ, ಗೊತ್ತು. ಆದರೆ ಬಟ್ಟೆಯ ಕತ್ತರಿಯಲ್ಲಿ ಕಾಗದ ಕತ್ತರಿಸಿದರೆ ಬಾಯಿ ಮೊಂಡಾಗುತ್ತದೆ ಎಂದು ಚಿಕ್ಕವಳಿದ್ದಾಗ ನನಗೆ ಎಷ್ಟು ಸಲ ಬೈದಿದ್ದೀರಿ! ಆ ಧೈರ್ಯದ ಮೇಲೆ ಬರೆಯುತ್ತಿದ್ದೇನೆ.

ಹೌದು, ರೆಸಾರ್ಟಿನ ಕೆಲಸ ಬಿಟ್ಟೆ. ಜಗಳವಾಡಿ ಬಿಟ್ಟಿದ್ದಲ್ಲ, ಯಾರೂ ತೆಗೆದುಹಾಕಿದ್ದೂ ಅಲ್ಲ. ಅಲ್ಲಿಗೆ ಬರುವ ಗೆಸ್ಟುಗಳಿಗೆ ಕೊಡಗಿನ ರೀತಿಯಲ್ಲಿ ಸೀರೆ ಉಟ್ಟು ಫೋಟೋ ತೆಗೆಸಿಕೊಳ್ಳುವ ಹುಚ್ಚು. ಉಡಿಸುವವರು ಯಾರು? ರಿಸೆಪ್ಶನ್ನಿನಲ್ಲಿ ಕೂತ ಸುಧಾ. ಹೋದ ವರ್ಷ ಒಬ್ಬರು ಗೌಡರ ಅಮ್ಮ ಅದನ್ನು ನೋಡಿ, “ನನ್ನ ಮಗಳ ಮದುವೆಗೆ ನೀನೇ ಬಂದು ಉಡಿಸು” ಅಂದರು. ರಜೆ ಹಾಕಿ ಹೋದೆ. ಆ ಹುಡುಗಿ ಕನ್ನಡಿಯಲ್ಲಿ ತನ್ನನ್ನು ನೋಡಿಕೊಂಡು ಸಂತೋಷಕ್ಕೆ ಅತ್ತುಬಿಟ್ಟಳು. ರಿಸೆಪ್ಶನ್ನಿನಲ್ಲಿ ಆರು ವರ್ಷ ಕೂತರೂ ನನ್ನ ಕೆಲಸ ನೋಡಿ ಯಾರೂ ಅತ್ತಿರಲಿಲ್ಲ, ಬಿಲ್ ನೋಡಿ ಅತ್ತವರನ್ನು ಬಿಟ್ಟರೆ.

ಈಗ ನಾನು ಯಾರ ಕೈಕೆಳಗೂ ಇಲ್ಲ. ಮದುವೆ ಮನೆಯವರು ಹಿಂದಿನ ದಿನವೇ ಸೀರೆ ಕಳಿಸುತ್ತಾರೆ. ನೆರಿಗೆ ಹಿಡಿದು, ಇಸ್ತ್ರಿ ಮಾಡಿ, ಕದಲದಂತೆ ಕಚ್ಚಾ ಹೊಲಿಗೆ ಹಾಕಿ, ಪುಸ್ತಕದಷ್ಟು ಚಿಕ್ಕದಾಗಿ ಮಡಚಿಡುತ್ತೇನೆ. ಮದುವೆ ದಿನ ಹೋಗಿ ಬಿಚ್ಚಿ ಉಡಿಸುವುದು. ಇನ್‌ಸ್ಟಾಗ್ರಾಮಿನಲ್ಲಿ ಒಂದು ಪೇಜ್ ಮಾಡಿದ್ದೇನೆ. ಇಸ್ತ್ರಿಪೆಟ್ಟಿಗೆ, ಪಿನ್ನು, ಕ್ಲಿಪ್ಪು ಎಲ್ಲ ಸ್ವಂತದ್ದು. ಇಲ್ಲೇ ಮಡಿಕೇರಿಯಲ್ಲಿ, ಭಾಗಮಂಡಲ ಕಡೆಯಿಂದ ಬಂದ ಕಮಲಕ್ಕ ಅನ್ನುವವರ ಮನೆಯ ಮೇಲಿನ ರೂಮಿನಲ್ಲಿದ್ದೇನೆ.

ಮ್ಯಾನೇಜರ್ ಅಶ್ವಥ್ ಸರ್ ಒಳ್ಳೆಯವರು. ಮಾರ್ಚ್ ಕೊನೆಯವರೆಗೂ ನಿನ್ನ ಕುರ್ಚಿಗೆ ಯಾರನ್ನೂ ತೆಗೆದುಕೊಳ್ಳುವುದಿಲ್ಲ ಅಂದಿದ್ದಾರೆ. ಅಷ್ಟರೊಳಗೆ ಈ ಕೆಲಸದಲ್ಲಿ ಕಾಲೂರಲು ಆಗಲಿಲ್ಲ ಅಂದರೆ ತೆಪ್ಪಗೆ ವಾಪಸ್ ಹೋಗುತ್ತೇನೆ. ಅಲ್ಲಿಯವರೆಗೆ ಬಿಡಿ ಅಪ್ಪಾಜಿ.

ಮಾತು ಕೇಳದ ಮಗಳು,
ಸುಧಾ


ಶನಿವಾರಸಂತೆ
9 ಡಿಸೆಂಬರ್ 2024

ಸುಧಾ,

ಕಾಗದ ಬಂತು. ಕತ್ತರಿಸಿಲ್ಲ. ಕತ್ತರಿ ಹಾಳಾಗುತ್ತದೆ ಅನ್ನುವ ಒಂದೇ ಕಾರಣಕ್ಕೆ.

ನಿನ್ನನ್ನು ಓದಿಸಿದ್ದು ತಿಂಗಳಿಗೆ ಸರಿಯಾಗಿ ಸಂಬಳ ಬರುವ ಜಾಗದಲ್ಲಿ ಕೂರಲಿ ಎಂದು. ನಾನಂತೂ ಕೂರಲಿಲ್ಲ, ಮಗಳಾದರೂ ಕೂರಲಿ ಎಂದು. ಹಬ್ಬ ಬಂದರೆ, ಶಾಲೆ ಶುರುವಾದರೆ ನನ್ನ ಅಂಗಡಿ ಮುಂದೆ ಜನ. ಮಳೆ ಹಿಡಿಯಿತೋ, ಮಿಷನ್ನಿನ ಮೇಲೆ ಬಟ್ಟೆ ಹೊದಿಸಿ ರಸ್ತೆ ನೋಡುತ್ತ ಕೂರುವುದು. ಆ ದಿನಗಳಲ್ಲಿ ಸಾರಿಗೆ ಏನು ಹಾಕಿದೆ ಎಂದು ನಿಮ್ಮಮ್ಮನನ್ನು ನಾನು ಕೇಳುತ್ತಿರಲಿಲ್ಲ. ಕೇಳಿದರೆ ಎಲ್ಲಿ ಹೇಳಿಬಿಡುತ್ತಾಳೋ ಎಂದು ಹೆದರಿಕೆ. ಆ ಹೆದರಿಕೆ ನಿನಗೆ ಬರುವುದು ಬೇಡ ಎಂದು ಇಷ್ಟು ವರ್ಷ ಮಿಷನ್ ತುಳಿದೆ. ನೀನು ನೋಡಿದರೆ ಅದನ್ನೇ ಕೈಯಾರೆ ಕರೆದು ಮನೆಯೊಳಗೆ ಕೂರಿಸಿಕೊಂಡಿದ್ದೀಯ.

ಅದೂ ಎಂಥ ಕೆಲಸ? ಸೀರೆ ಉಡಿಸುವುದು! ನಿಮ್ಮಮ್ಮನಿಗೆ ಮದುವೆ ದಿನ ಉಡಿಸಿದ್ದು ಅವಳ ಅತ್ತಿಗೆ. ಕೊಟ್ಟಿದ್ದು ಎಲೆ ಅಡಿಕೆ. ಇದಕ್ಕೂ ಜನ ಕೂಲಿ ಕೊಡುತ್ತಾರೆ ಅಂತ ನಿನಗೆ ಯಾರು ಹೇಳಿದರು?

ಎದುರಿನ ಮೆಡಿಕಲ್ ಶಾಪಿನ ಪ್ರವೀಣ್ ಅವನ ಫೋನಿನಲ್ಲಿ ನಿನ್ನ ಪೇಜ್ ತೋರಿಸಿದ. ಒಬ್ಬ ಮದುವೆ ಹೆಣ್ಣಿಗೂ ಮುಖ ಇಲ್ಲ. ಎಲ್ಲರದೂ ಬೆನ್ನೇ. ಗಿರಾಕಿಗೆ ಬೆನ್ನು ತೋರಿಸಿ ಮಾಡುವ ವ್ಯಾಪಾರವನ್ನು ನಾನು ಎಲ್ಲೂ ನೋಡಿಲ್ಲ.

ಮಾರ್ಚ್ ತನಕ ಯಾಕೆ? ನಾಳೆಯೇ ಹೋಗಿ ಆ ಕುರ್ಚಿಯಲ್ಲಿ ಕೂರು.

ಶಾಂತಪ್ಪ

ಸುಧಾ, ಅಂಟು ಹಚ್ಚಿ ಪೋಸ್ಟ್ ಡಬ್ಬಿಗೆ ಹಾಕು ಅಂತ ಇದನ್ನು ನನ್ನ ಕೈಗೆ ಕೊಟ್ಟರು, ಅದಕ್ಕೇ ಜಾಗ ನೋಡಿಕೊಂಡು ಎರಡು ಸಾಲು ಬರೀತಿದ್ದೀನಿ. ಪ್ರವೀಣ್ ತಾನಾಗಿ ತೋರಿಸಿದ್ದಲ್ಲ, ಇವರೇ ಹೋಗಿ ಕೇಳಿದ್ದು. ದಿನಾ ಹೋಗ್ತಾರೆ. ಹೊತ್ತಿಗೆ ಸರಿಯಾಗಿ ಊಟ ಮಾಡು. – ಅಮ್ಮ


ಮಡಿಕೇರಿ
14 ಜನವರಿ 2025

ಅಪ್ಪಾಜಿ,

ಹಬ್ಬದ ದಿನ ಎಳ್ಳುಬೆಲ್ಲ ತಿಂದು ಒಳ್ಳೆ ಮಾತನಾಡಬೇಕಂತೆ. ಇಬ್ಬರೂ ಪ್ರಯತ್ನ ಮಾಡೋಣ.

ಪೇಜಿನಲ್ಲಿ ಮುಖ ಯಾಕಿಲ್ಲ ಎಂದು ಕೇಳಿದ್ದಿರಿ. ನಮ್ಮ ಕಡೆ ನೆರಿಗೆ ಮುಂದೆ, ಸೆರಗು ಎಡ ಹೆಗಲ ಮೇಲಿಂದ ಹಿಂದಕ್ಕೆ. ಇಲ್ಲಿ ಕೊಡವರದೂ ಗೌಡರದೂ ಹಾಗಲ್ಲ. ನೆರಿಗೆ ಬೆನ್ನಿನ ಕಡೆ, ಸೆರಗು ಎಡ ಕಂಕುಳ ಕೆಳಗಿಂದ ಬಂದು ಬಲ ಹೆಗಲಿಗೆ ಪಿನ್. ನನ್ನ ಕೆಲಸವೆಲ್ಲ ಇರುವುದೇ ಬೆನ್ನಿನಲ್ಲಿ, ಅದನ್ನೇ ಹಾಕಿದ್ದೇನೆ. ದಿನಾ ನೋಡುವ ಪ್ರವೀಣನಿಗೂ ಇದನ್ನು ತಿಳಿಸಿ.

ಶುರುವಿನಲ್ಲಿ ರೆಸಾರ್ಟಿನ ಉಡಿಗೆಯನ್ನೇ ಮದುವೆ ಹೆಣ್ಣುಗಳಿಗೂ ಮಾಡುತ್ತಿದ್ದೆ. ಕಮಲಕ್ಕ ಒಂದು ದಿನ ನೋಡಿ ನಕ್ಕರು. “ಎಂತ ಮಾರಾಯ್ತಿ ಇದು! ಫೋಟೋಗಾದ್ರೆ ಸರಿ. ಹಿರಿಯವ್ರ ಕಾಲಿಗೆ ಬೀಳ್ಲಿಕ್ಕೆ ಬಗ್ಗಿದ್ರೆ ಎಂತ ಗತಿ?” ಅಂದರು. ತಮ್ಮ ಮೈಗೇ ಉಡಿಸಿಕೊಂಡು, ಬಿಚ್ಚಿಸಿ, ಮತ್ತೆ ಉಡಿಸಿಕೊಂಡು, ಬಗ್ಗಿ, ಎದ್ದು, ಕಾಫಿ ಕಣದಲ್ಲಿ ಓಡಾಡಿ ತೋರಿಸಿದರು. ಈಗ ನಾನು ಉಡಿಸಿದ ಸೀರೆ ಕುಣಿದರೂ ಕದಲುವುದಿಲ್ಲ.

ಕೂಲಿಯ ವಿಷಯದಲ್ಲಿ ನೀವು ಹೇಳಿದ್ದು ಅರ್ಧ ನಿಜ. “ನಮ್ಮ ಹುಡುಗಿಯೇ ಅಲ್ವಾ” ಎಂದು ಯಾರಾದರೂ ಅಂದರೆ ಸಾಕು, ಇವತ್ತು ಊಟ ಮಾತ್ರ ಎಂದು ನನಗೆ ಗೊತ್ತಾಗುತ್ತದೆ. ಬಾಯಿಬಿಟ್ಟು ಕೇಳಲು ನಾಲಿಗೆಯೇ ಬರುತ್ತಿರಲಿಲ್ಲ. ಅದಕ್ಕೂ ಕಮಲಕ್ಕನ ಹತ್ತಿರ ಬೈಸಿಕೊಂಡೆ. “ರೇಟ್ ಹೇಳುವಾಗ ನೆಲ ಯಾಕೆ ನೋಡ್ತೀ? ನೆಲ ದುಡ್ಡು ಕೊಡ್ತದಾ?” ಅಂತ. ಈಗ ಮುಖ ನೋಡಿ ಹೇಳುತ್ತೇನೆ, ಅಡ್ವಾನ್ಸ್ ತೆಗೆದುಕೊಂಡೇ ದಿನ ಬರೆದುಕೊಳ್ಳುತ್ತೇನೆ. ಆಶ್ಚರ್ಯ ಅಂದರೆ ಜನ ಕೊಡುತ್ತಾರೆ ಅಪ್ಪಾಜಿ. ಮುಖ ನೋಡಿ ಕೇಳಿದರೆ ಕೊಡುತ್ತಾರೆ.

ಆದರೆ ಒಂದೇ ಮುಹೂರ್ತಕ್ಕೆ ಮೂರು ಕಡೆಯಿಂದ ಕರೆಯುತ್ತಾರೆ, ಆಮೇಲೆ ಎಷ್ಟೋ ದಿನ ಒಂದು ಫೋನೂ ಇಲ್ಲ. ಡಿಸೆಂಬರಿನಲ್ಲಿ ಒಂದು ಸಲ ಇಸ್ತ್ರಿಪೆಟ್ಟಿಗೆಗೆ ಬಟ್ಟೆ ಹೊದಿಸಿ ಕಿಟಕಿಯಲ್ಲಿ ರಸ್ತೆ ನೋಡುತ್ತ ಕೂತೆ. ನೀವು ಬರೆದದ್ದು ಆಗ ಅರ್ಥವಾಯಿತು. ಸುಳ್ಳು ಯಾಕೆ ಹೇಳಲಿ, ಹೆದರಿಕೆ ಆಯಿತು. ಅಶ್ವಥ್ ಸರ್‌ಗೆ ಫೋನ್ ಮಾಡಲು ಕೈಗೆ ಎತ್ತಿಕೊಂಡೂ ಇದ್ದೆ. ಅಷ್ಟರಲ್ಲಿ ಪೊನ್ನಂಪೇಟೆಯಿಂದ ಒಂದು ಮದುವೆ ಬಂತು, ಆ ಮದುವೆಗೆ ಬಂದವರಿಂದ ಇನ್ನೆರಡು. ಸದ್ಯ ಉಸಿರಾಡುತ್ತಿದ್ದೇನೆ.

ಅಮ್ಮನಿಗೆ ಹೇಳಿ, ಊಟ ಮಾಡುತ್ತಿದ್ದೇನೆ. ಮದುವೆ ಊಟ ಜಾಸ್ತಿಯಾಗಿ ರವಿಕೆ ಬಿಗಿಯಾಗುತ್ತಿದೆ.

ನಿಮ್ಮ
ಸುಧಾ


ಶನಿವಾರಸಂತೆ
6 ಫೆಬ್ರವರಿ 2025

ಸುಧಾ,

ಇವತ್ತು ಶಿವಶಂಕರಪ್ಪ ಅಂಗಡಿಗೆ ಬಂದಿದ್ದರು. ಮಾರ್ಚ್ ಎರಡು, ಭಾನುವಾರ, ಅವರ ಮಗಳು ಕವನಾಳ ಮದುವೆ. “ಏನ್ರೀ ಶಾಂತಪ್ಪ, ಕವನಂಗೆ ಸೀರೆ ಉಡ್ಸೋಕೆ ನಿಮ್ಮ ಸುಧಾನೇ ಬರ್ತಾಳಂತಲ್ಲ! ಒಂದ್ ಮಾತು ಹೇಳ್ಬಾರ್ದಾ?” ಅಂದರು. ನನಗೇ ಗೊತ್ತಿದ್ದರೆ ತಾನೇ ಹೇಳುವುದು? ಹಲ್ಲು ಕಿರಿದು ‘ಹ್ಞೂಂ’ ಅಂದೆ.

ಇದನ್ನು ನೀನು ಯಾಕೆ ಒಪ್ಪಿಕೊಂಡೆ? ಆ ಮನೆಯ ಮೂರು ತಲೆಮಾರಿಗೆ ಅಂಗಿ ಹೊಲಿದು ಈ ಊರಲ್ಲಿ ನನ್ನ ಹೆಸರು ನಿಂತಿದೆ. ಮಡಿಕೇರಿಯಲ್ಲಿ ಎಡವಿದರೆ ದೊಡ್ಡ ಊರು, ಮರೆತುಬಿಡುತ್ತಾರೆ. ಇಲ್ಲಿ ಎಡವಿದರೆ ಸಂತೆ ದಿನ ನಾನು ಅಂಗಡಿಗೆ ಬಾಗಿಲು ಹಾಕಿಕೊಂಡು ಕೂರಬೇಕು. ಜ್ವರ ಅನ್ನು, ಬೇರೆ ಮದುವೆ ಅನ್ನು, ಏನಾದರೂ ನೆಪ ಹೇಳಿ ಬಿಟ್ಟುಬಿಡು.

ಶಾಂತಪ್ಪ

ನೆಪ ಗಿಪ ಹೇಳಬೇಡ. ಬಾ. ನಾನೂ ಅವತ್ತು ರೇಷ್ಮೆ ಸೀರೆ ಉಡ್ತೀನಿ, ನೆರಿಗೆ ನೀನೇ ಹಿಡೀಬೇಕು. – ಅಮ್ಮ


ಮಡಿಕೇರಿ
12 ಫೆಬ್ರವರಿ 2025

ಅಪ್ಪಾಜಿ,

ಒಪ್ಪಿಕೊಂಡಾಗಿದೆ, ಬಿಡುವುದಿಲ್ಲ. ಕವನಾ ತಾನಾಗಿ ಪೇಜ್ ನೋಡಿ ಕರೆದಳು. ನಿಮ್ಮ ಮಗಳು ಎಂದು ಗೊತ್ತಾಗಿದ್ದೇ ಆಮೇಲೆ. ನಿಮ್ಮ ಹೆಸರು ಹೇಳದೆ ಸಿಕ್ಕಿದ ಕೆಲಸವನ್ನು ನಿಮ್ಮ ಹೆಸರಿಗೆ ಹೆದರಿ ಬಿಡಬೇಕಾ?

ನಿಮಗಿಂತ ಹೆದರಿಕೆ ನನಗಿದೆ. ಮಾರ್ಚ್ ಮುಗಿಯುವುದಕ್ಕೆ ಮುಂಚೆ ಇರುವ ದೊಡ್ಡ ಮದುವೆ ಇದೊಂದೇ. ಜಿಲ್ಲೆಯ ಉತ್ತರದ ಕಡೆಯವರು, ಸೋಮವಾರಪೇಟೆ, ಕೊಡ್ಲಿಪೇಟೆಯವರೆಲ್ಲ ಅಲ್ಲಿಗೆ ಬರುತ್ತಾರೆ. ಇಲ್ಲಿ ನೆಟ್ಟಗಾದರೆ ಈ ಕೆಲಸ ನನ್ನದು. ಕೆಟ್ಟರೆ ನೀವು ಹೇಳುವ ಮೊದಲೇ ಹೋಗಿ ಕುರ್ಚಿಯಲ್ಲಿ ಕೂರುತ್ತೇನೆ. ಸೀರೆಯನ್ನು ಬಸ್ಸಿನಲ್ಲಿ ಕಂಡಕ್ಟರ್ ಸಿದ್ದನ ಕೈಗೆ ಕೊಟ್ಟು ಕಳಿಸುತ್ತಾರೆ. ಇಲ್ಲೇ ನೆರಿಗೆ ಹಿಡಿದು ತರುತ್ತೇನೆ.

ನೀವು ಮದುವೆಗೆ ಬನ್ನಿ. ನನ್ನನ್ನು ಮಾತನಾಡಿಸದಿದ್ದರೂ ಪರವಾಗಿಲ್ಲ.

ಸುಧಾ


ಮಡಿಕೇರಿ
4 ಮಾರ್ಚ್ 2025

ಅಪ್ಪಾಜಿ,

ಮೊನ್ನೆ ಮದುವೆಯಲ್ಲಿ ನೀವು ಹೊರಗೆ ಹಾಲ್‌ನಲ್ಲಿದ್ದಿರಿ, ನಾನು ಒಳಗಿದ್ದೆ. ಒಳಗೆ ಏನಾಯಿತು ಎಂದು ನಿಮಗೆ ಪೂರ್ತಿ ಗೊತ್ತಿಲ್ಲ. ಅದನ್ನು ಹೇಳದೆ ನನಗೆ ಸಮಾಧಾನವಿಲ್ಲ.

ಶನಿವಾರ ಇಲ್ಲಿ ಎರಡು ಮದುವೆ ಇತ್ತು, ಎರಡೂ ಕೊಡಗಿನ ಉಡಿಗೆ. ಮುಗಿಸಿ ಬಂದು ಸಂಜೆ ಕವನಾಳ ಸೀರೆ ಹರಡಿಕೊಂಡೆ. ನಾಲ್ಕು ತಿಂಗಳಿಂದ ಮದುವೆ ಹೆಣ್ಣು ಅಂದರೆ ಹಿಂದೆ ನೆರಿಗೆ, ಹಿಂದೆ ನೆರಿಗೆ. ತಲೆಯಲ್ಲಿ ಬಸ್ಸಿನ ಯೋಚನೆ. ಕೈ ತನ್ನ ಪಾಡಿಗೆ ತಾನು ಹೋಯಿತು. ಒಳಗಿನ ತುದಿಯಿಂದಲೇ ನೆರಿಗೆ ಹಿಡಿದು, ಸೆರಗನ್ನು ಹೆಗಲ ಪಿನ್ನಿಗೆ ಬರುವಂತೆ ಸಣ್ಣ ಪಟ್ಟಿ ಮಾಡಿ, ಒತ್ತಿ ಒತ್ತಿ ಇಸ್ತ್ರಿ ಹಾಕಿ, ಕಚ್ಚಾ ಹೊಲಿಗೆಯನ್ನೂ ಹಾಕಿ ಮಡಚಿಟ್ಟೆ. ಎಷ್ಟು ಚೆನ್ನಾಗಿ ಬಂದಿದೆ ಎಂದು ನಾನೇ ಖುಷಿಪಟ್ಟೆ!

ಭಾನುವಾರ ಕವನಾಳ ಮುಂದೆ ಬಿಚ್ಚಿದೆ. ನಮ್ಮ ಹುಡುಗಿಗೆ ನಾನು ಕೊಡಗಿನ ಸೀರೆ ಮಾಡಿ ತಂದಿದ್ದೆ. ಅವರ ಮನೆಯಲ್ಲಿ ಸೆರಗನ್ನು ತಲೆಯ ಮೇಲೆ ಹೊದ್ದು ಮಂಟಪಕ್ಕೆ ಬರುವ ವಾಡಿಕೆ. ಆ ಸೆರಗಿನ ತುಂಬ ಏಣಿಯ ಮೆಟ್ಟಿಲ ಹಾಗೆ ಗೆರೆ. ಹೊಲಿಗೆ ಬಿಚ್ಚಬಹುದು, ಗೆರೆ ಹೋಗಬೇಕಾದರೆ ಮತ್ತೆ ಇಸ್ತ್ರಿ ಬೇಕು. ಪ್ಲಗ್ ಹಾಕಿದೆ. ಕರೆಂಟಿಲ್ಲ. ಜನರೇಟರ್ ನೋಡಿಕೊಳ್ಳುವ ಗುಂಡನನ್ನು ಕೇಳಿದರೆ, “ಮೈಕಿಗೂ ಫ್ಯಾನಿಗೂ ಮಾತ್ರ ಅಕ್ಕ, ಇಸ್ತ್ರಿ ಪೆಟ್ಟಿಗೆ ಹಾಕಿದ್ರೆ ಎಲ್ಲಾ ಆಫ್” ಅಂದ.

ಕವನಾಳ ಚಿಕ್ಕಮ್ಮ, “ಕರೆಂಟಿಲ್ಲ ಅಂತ ಹೇಳ್ಬಿಡು, ಹೆಂಗೋ ಸುತ್ತು” ಅಂದರು. ಬಾಗಿಲ ಹತ್ತಿರ ನಿಂತು ಒಂದು ಗಳಿಗೆ ಹಾಗೇ ಮಾಡೋಣ ಅನ್ನಿಸಿತ್ತು. ಆದರೆ ಕವನಾ ನನ್ನ ಮುಖವನ್ನೇ ನೋಡುತ್ತಿದ್ದಳು. ಅದಕ್ಕೇ ಹೊರಗೆ ಬಂದು ಶಿವಶಂಕರಪ್ಪನವರಿಗೆ ಎಲ್ಲರ ಮುಂದೆ ಹೇಳಿದ್ದು: “ತಪ್ಪು ನನ್ನದು. ಸೀರೆಯನ್ನು ಬೇರೆ ಉಡಿಗೆಗೆ ಮಡಚಿ ತಂದುಬಿಟ್ಟಿದ್ದೇನೆ. ಸರಿ ಮಾಡುತ್ತೇನೆ. ಸ್ವಲ್ಪ ಸಮಯ ಬೇಕು, ಬಿಸಿಯಾದ ಇಸ್ತ್ರಿಪೆಟ್ಟಿಗೆ ಬೇಕು.” ನೀವು ಪಕ್ಕದ ಕುರ್ಚಿಯಲ್ಲಿದ್ದಿರಿ. ನೀವು ಎದ್ದು ಹೊರಗೆ ನಡೆದದ್ದು ಮಾತ್ರ ನನಗೆ ಕಂಡಿತು. ಮುಗಿಯಿತು, ಅಪ್ಪಾಜಿ ನಾಚಿಕೆಗೆ ಮನೆಗೆ ಹೋದರು ಅಂದುಕೊಂಡೆ. ಒಳಗೆ ಬಂದು ಕಣ್ಣೀರು ಒರೆಸಿಕೊಳ್ಳುತ್ತ ಹೊಲಿಗೆ ಬಿಚ್ಚುತ್ತ ಕೂತೆ.

ಆಮೇಲೆ ಬಾಗಿಲಲ್ಲಿ ಇದ್ದಿಲಿನ ವಾಸನೆ ಬಂತು. ನೋಡಿದರೆ ನೀವು. ಅಂಗಡಿಯ ಮೂಲೆಯಲ್ಲಿದ್ದ ಹಳೆಯ ಇದ್ದಿಲ ಇಸ್ತ್ರಿಪೆಟ್ಟಿಗೆ, ಒಳಗೆ ಅಡುಗೆ ಭಟ್ಟರ ಒಲೆಯ ಕೆಂಡ. ಊಟದ ಟೇಬಲ್ಲಿನ ಮೇಲೆ ಒದ್ದೆ ಪಂಚೆ ಹಾಸಿದಿರಿ, ಸೆರಗು ಹಾಸಿದಿರಿ, ಮೇಲೆ ಇನ್ನೊಂದು ಪಂಚೆ. ನಾನು ಎಳೆದು ಹಿಡಿದೆ, ನೀವು ಒತ್ತಿದಿರಿ. ಚಿಕ್ಕವಳಿದ್ದಾಗ ಹಿಡಿಯುತ್ತಿದ್ದೆನಲ್ಲ, ಹಾಗೆ. ಗೆರೆ ಒಂದೊಂದಾಗಿ ಹೋಯಿತು. ಎಲ್ಲ ಮುಗಿದ ಮೇಲೆ ನೀವು ಅಂದದ್ದು ಇಷ್ಟೇ: “ಬಿಸಿ ಇದೆ, ಮುಟ್ಟಬೇಡ.” ಪೆಟ್ಟಿಗೆ ಎತ್ತಿಕೊಂಡು ಹೋದಿರಿ.

ನೆರಿಗೆ ನಾನು ಹಿಡಿದೆ, ಈ ಸಲ ಮುಂದೆ. ಕವನಾ ತಲೆ ಮೇಲೆ ಸೆರಗು ಹೊದ್ದು ಮುಹೂರ್ತಕ್ಕೆ ಮುಂಚೆಯೇ ಮಂಟಪಕ್ಕೆ ನಡೆದಳು. ನಾನು ನೆಲದ ಮೇಲೆ ಕೂತು ಚೆಲ್ಲಿದ್ದ ಪಿನ್ನುಗಳನ್ನು ಆರಿಸಿಕೊಂಡೆ. ಮಡಿಕೇರಿಗೆ ಬಂದ ಮೇಲೆ ಕಮಲಕ್ಕನಿಗೆ ಎಲ್ಲ ಹೇಳಿದೆ. “ಕೈಗೆ ಊರು ಗೊತ್ತಾಗ್ತದಾ? ಸೀರೆ ಹರಡುವ ಮೊದ್ಲು ಯಾವ ಮನೆಯದ್ದು ಅಂತ ಬಾಯಿಬಿಟ್ಟು ಹೇಳ್ಕೋ” ಅಂದರು. ಈಗ ಹಾಗೇ ಮಾಡುತ್ತೇನೆ.

ನಿಮ್ಮನ್ನು ಹುಡುಕಿದೆ ಅಪ್ಪಾಜಿ. ನೀವು ಊಟಕ್ಕೂ ನಿಂತಿರಲಿಲ್ಲ.

ನಿಮ್ಮ
ಸುಧಾ

ಗಡಿಬಿಡಿಯಲ್ಲಿ ಅಮ್ಮನ ನೆರಿಗೆ ಹಿಡಿಯುವುದು ಮರೆತೇ ಹೋಯಿತು. ಬೈಯಬೇಡ ಅನ್ನಿ.


ಶನಿವಾರಸಂತೆ
10 ಮಾರ್ಚ್ 2025

ಚಿರಂಜೀವಿ ಸುಧಾಳಿಗೆ,

ನಾನು ಊಟಕ್ಕೆ ನಿಲ್ಲದೆ ಹೋದದ್ದು ಸಿಟ್ಟಿಗಲ್ಲ. ಕಣ್ಣಿಗೆ ಇದ್ದಿಲಿನ ಹೊಗೆ ಹೋಗಿತ್ತು. ನಿಮ್ಮಮ್ಮ ನಂಬುತ್ತಿಲ್ಲ. ನೀನಾದರೂ ನಂಬು.

ಒಳಗಿನದು ನೀನು ಹೇಳಿದೆ, ಹೊರಗಿನದು ನಾನು ಹೇಳುತ್ತೇನೆ. ನೀನು ಬಾಗಿಲು ತೆಗೆದು ಬಂದಾಗ ನಿನ್ನ ಮುಖ ನೋಡಿಯೇ ಏನೋ ಕೆಟ್ಟಿದೆ ಎಂದು ಗೊತ್ತಾಯಿತು. ಕರೆಂಟಿನ ಮೇಲೆ ಹಾಕುತ್ತಾಳೆ ಅಂದುಕೊಂಡೆ. ನಾನಾಗಿದ್ದರೆ ಹಾಕುತ್ತಿದ್ದೆ. ಅಂಗಿಯ ತೋಳು ಗಿಡ್ಡ ಆದಾಗ ಬಟ್ಟೆ ನೀರಿಗೆ ಎಳೆದುಕೊಂಡಿದೆ ಅಂದವನೇ ನಾನು. ನೀನು ಅಷ್ಟು ಜನರ ನಡುವೆ ನಿಂತು ತಪ್ಪು ನನ್ನದು ಅಂದೆ. ನೆಲ ನೋಡಲಿಲ್ಲ, ಅವರ ಮುಖ ನೋಡಿ ಹೇಳಿದೆ. ಶಿವಶಂಕರಪ್ಪ ನನ್ನ ಕಡೆ ತಿರುಗಿ, “ಹುಡ್ಗಿ ಗಟ್ಟಿ ಕಣ್ರೀ” ಅಂದರು. ನನಗೆ ಇದ್ದಿಲ ಪೆಟ್ಟಿಗೆ ನೆನಪಾಯಿತು, ಕಾಲು ಅಂಗಡಿ ಕಡೆ ಓಡಿತು. ಈ ವಯಸ್ಸಿನಲ್ಲಿ ಆ ರಸ್ತೆಯಲ್ಲಿ ಓಡಿದ್ದನ್ನು ಪ್ರವೀಣ್ ನೋಡಿ, ಯಾರಿಗೆ ಏನಾಯಿತು ಎಂದು ಗಾಬರಿಯಾಗಿ ಮಾತ್ರೆ ಡಬ್ಬ ಹಿಡಿದು ಹಿಂದೆ ಬಂದನಂತೆ.

ಶನಿವಾರ ಸಂತೆ ದಿನ ಬಾಗಿಲು ಹಾಕಿಕೊಳ್ಳಲಿಲ್ಲ. ಹಾಕಲು ಜನ ಬಿಡಲೂ ಇಲ್ಲ. ಬಂದವರೆಲ್ಲ ನಿನ್ನ ನಂಬರ್ ಕೇಳುವವರೇ. ಕೊಡ್ಲಿಪೇಟೆಯವರೊಬ್ಬರು, “ಏನ್ ಶಾಂತಪ್ಪ, ನಮ್ಮ ಹುಡ್ಗಿನೇ ಅಲ್ವಾ, ನೋಡ್ಕೊಂಡ್ ಹೇಳು” ಅಂದರು. “ನಮ್ಮ ಹುಡ್ಗಿನೇ. ಅದಕ್ಕೇ ಚೆನ್ನಾಗ್ ಮಾಡ್ತಾಳೆ. ರೇಟು ಅವಳನ್ನೇ ಕೇಳಿ, ಅಡ್ವಾನ್ಸ್ ಇಲ್ದೆ ಅವಳು ದಿನ ಬರ್ಕೊಳಲ್ಲ” ಅಂದೆ. ಅಂದಮೇಲೆ ನನಗೇ ನಗು ಬಂತು. ಇಷ್ಟು ವರ್ಷದಲ್ಲಿ ಒಬ್ಬ ಗಿರಾಕಿಗೂ ನನ್ನ ಕೂಲಿಯ ಬಗ್ಗೆ ನಾನು ಹಾಗೆ ಗಟ್ಟಿಯಾಗಿ ಹೇಳಿದವನಲ್ಲ.

ಮಾರ್ಚ್ ಮುಗಿಯುತ್ತ ಬಂತು. ಆ ಕುರ್ಚಿ ವಿಷಯ ಏನು ಮಾಡಿದೆ? ಹೋಗು ಎಂದು ಹೇಳುತ್ತಿಲ್ಲ. ಕೇಳುತ್ತಿದ್ದೇನೆ, ಅಷ್ಟೆ.

ನಿನ್ನ ಅಪ್ಪ,
ಶಾಂತಪ್ಪ

ಹೊಗೆಯಂತೆ ಹೊಗೆ. ಮನೆಗೆ ಬಂದು ಹಿತ್ತಲಲ್ಲಿ ಮುಖ ತೊಳೀತಾ ಎಷ್ಟು ಹೊತ್ತು ನಿಂತಿದ್ರು ಗೊತ್ತಾ? ನನ್ನ ನೆರಿಗೆ ಬಾಕಿ ಇದೆ, ಮರೀಬೇಡ. – ಅಮ್ಮ


ಮಡಿಕೇರಿ
17 ಮಾರ್ಚ್ 2025

ಅಪ್ಪಾಜಿ,

ನಿಮ್ಮ ಕಾಗದವನ್ನು ಕಮಲಕ್ಕನಿಗೂ ಓದಿ ಹೇಳಿದೆ. ನೀವು ಓಡಿದ್ದನ್ನು ಎರಡು ಸಲ ಓದಿಸಿಕೊಂಡರು.

ಕುರ್ಚಿಯ ವಿಷಯ. ಅಶ್ವಥ್ ಸರ್‌ಗೆ ಹೇಳಿಯಾಯಿತು, ಬೇರೆಯವರನ್ನು ತೆಗೆದುಕೊಳ್ಳಿ ಎಂದು. ಈಗ ಹೇಳಿದ್ದಲ್ಲ. ಕವನಾಳ ಮದುವೆ ಮುಗಿಸಿ ವಾಪಸ್ ಬರುವಾಗ ಬಸ್ಸಿನಲ್ಲೇ ಫೋನ್ ಮಾಡಿದೆ. ಆಗ ಇನ್ನೂ ಯಾರೂ ನನ್ನ ನಂಬರ್ ಕೇಳಿರಲಿಲ್ಲ. ನೀವು ನೆಟ್ಟಗೆ ಮಾತನಾಡಿಸಿಯೂ ಇರಲಿಲ್ಲ.

ಎಲ್ಲ ಚೆನ್ನಾಗಿ ಆದ ದಿನ ಕುರ್ಚಿ ಬೇಡ ಅನ್ನುತ್ತೇನೆ ಎಂದು ನಾಲ್ಕು ತಿಂಗಳು ಕಾಯುತ್ತಿದ್ದೆ. ನೋಡಿದರೆ ಎಲ್ಲ ಕೆಟ್ಟ ದಿನವೇ ಅಂದುಬಿಟ್ಟೆ. ಇದಕ್ಕಿಂತ ಕೆಟ್ಟದ್ದು ಈ ಕೆಲಸದಲ್ಲಿ ಇನ್ನೇನು ಆಗಬೇಕು? ಅದು ಆಗಿಹೋಯಿತು, ಆದರೂ ಹುಡುಗಿ ಸೀರೆ ಉಟ್ಟು ಮಂಟಪಕ್ಕೆ ಹೋದಳು. ಎದೆಯ ಮೇಲಿನ ಕಲ್ಲು ಇಳಿದ ಹಾಗಾಯಿತು. ಸೋಮವಾರಪೇಟೆ ದಾಟುವಾಗ ನಿದ್ದೆ ಬಂತು ನೋಡಿ, ಸಿದ್ದ ಮಡಿಕೇರಿಯಲ್ಲಿ ತಟ್ಟಿ ಎಬ್ಬಿಸಬೇಕಾಯಿತು.

ಮಳೆಗಾಲದಲ್ಲಿ ಮದುವೆ ಇರುವುದಿಲ್ಲ, ಗೊತ್ತು. ಆಗ ಊರಿಗೆ ಬಂದು ನಿಮ್ಮ ಅಂಗಡಿಯಲ್ಲಿ ಕೂತು ರವಿಕೆ ಹೊಲಿಯುವುದು ಕಲಿಯುತ್ತೇನೆ. ಇಬ್ಬರೂ ಸೇರಿ ರಸ್ತೆ ನೋಡೋಣ. ಸಾರಿಗೆ ಏನು ಹಾಕಿದ್ದಾಳೆ ಎಂದು ಅಮ್ಮನನ್ನು ನಾನೇ ಕೇಳುತ್ತೇನೆ.

ನಿಮ್ಮ ಮಗಳು,
ಸುಧಾ


ಶನಿವಾರಸಂತೆ
21 ಮಾರ್ಚ್ 2025

ಸುಧಾ,

ಹೇಳಿದ್ದು ಒಳ್ಳೆಯದಾಯಿತು.

ಇದ್ದಿಲ ಪೆಟ್ಟಿಗೆಗೆ ಎಣ್ಣೆ ಹಚ್ಚಿ ಒರೆಸಿ ಇಟ್ಟಿದ್ದೇನೆ. ಬಂದಾಗ ತೆಗೆದುಕೊಂಡು ಹೋಗು. ಕರೆಂಟನ್ನು ನಂಬಿ ಮದುವೆ ಮಾಡಲು ಆಗುವುದಿಲ್ಲ. ರವಿಕೆ ಕಲಿಸುತ್ತೇನೆ, ಆದರೆ ಬಾಯಿ ಮುಚ್ಚಿಕೊಂಡು ಕಲಿಯಬೇಕು.

ಕಾಗದ ಬರೆದು ಬರೆದು ನನ್ನ ಬೆರಳು ನೋಯುತ್ತದೆ. ಇದು ಸೇರಿದ ಮೇಲೆ ಫೋನ್ ಮಾಡು. ಕಟ್ ಮಾಡುವುದಿಲ್ಲ.

ಅಪ್ಪ

ಸುಧಾ, ಇದನ್ನು ಇನ್ನೂ ಡಬ್ಬಿಗೇ ಹಾಕಿಲ್ಲ, ಆಗಲೇ ಫೋನನ್ನು ಮಿಷನ್ನಿನ ಮೇಲೆ ಇಟ್ಕೊಂಡು ಕೂತಿದ್ದಾರೆ. ಓದಿದ ಕೂಡಲೇ ಮಾಡು. – ಅಮ್ಮ